ಬ್ಯಾಕಪ್‌ಗೆ ಯಾವ ಡಿಸ್ಕ್? ಕೆಡುವ ಬಗೆ ನೋಡಿ ಆರಿಸಿ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳುವವರು ಮೊದಲು ಕೇಳುವುದು ಯಾವ ಕಂಪನಿಯದು ಗಟ್ಟಿ ಎಂದು. ಅದಕ್ಕೆ ಸಿಗುವ ಉತ್ತರದಿಂದ ಅಷ್ಟೇನೂ ಪ್ರಯೋಜನವಿಲ್ಲ. ಹಾರ್ಡ್ ಡಿಸ್ಕ್ ತಯಾರಿಸುವವರು ಈಗ ಉಳಿದಿರುವುದೇ ಮೂವರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಸ್ಯಾಮ್‌ಸಂಗ್‌ನ ಹಾರ್ಡ್ ಡಿಸ್ಕ್ ವಿಭಾಗ 2011ರಲ್ಲಿ ಸೀಗೇಟ್ ಪಾಲಾಯಿತು, ಹಿಟಾಚಿಯದು 2012ರಲ್ಲಿ ವೆಸ್ಟರ್ನ್ ಡಿಜಿಟಲ್ ಪಾಲಾಯಿತು. ಡಬ್ಬಿಯ ಮೇಲೆ ಬೇರೆ ಯಾವ ಹೆಸರಿದ್ದರೂ ಒಳಗೆ ತಿರುಗುವುದು ಈ ಮೂವರಲ್ಲಿ ಒಬ್ಬರ ಡಿಸ್ಕೇ.

ಬ್ಯಾಕ್‌ಬ್ಲೇಜ್ ಎಂಬ ಕ್ಲೌಡ್ ಸಂಸ್ಥೆ ತನ್ನ ಡಿಸ್ಕ್‌ಗಳು ಕೆಡುವ ಲೆಕ್ಕವನ್ನು 2013ರಿಂದ ದಾಖಲಿಸಿ ಪ್ರಕಟಿಸುತ್ತಿದೆ. ಒಟ್ಟಾರೆ ವರ್ಷಕ್ಕೆ ನೂರರಲ್ಲಿ ಒಂದೆರಡು ಕೆಡುತ್ತವೆ. ಒಂದೇ ಕಂಪನಿಯ ಒಂದು ಮಾಡೆಲ್ ವರ್ಷಗಟ್ಟಲೆ ಓಡಿದರೆ ಇನ್ನೊಂದು ಬೇಗ ಕೈಕೊಡುವುದೂ ಆ ಲೆಕ್ಕದಲ್ಲಿ ಕಾಣುತ್ತದೆ. ಆದರೆ ಅವು ಡೇಟಾ ಸೆಂಟರ್‌ನಲ್ಲಿ, ಹಿಡಿತದಲ್ಲಿಟ್ಟ ಉಷ್ಣತೆಯಲ್ಲಿ, ಜಾಗ ಬಿಟ್ಟು ಕದಲದೆ ತಿರುಗುವ ಡಿಸ್ಕ್‌ಗಳು. ಬ್ಯಾಗಿನಲ್ಲಿ ಓಡಾಡುವ, ಕೇಬಲ್‌ಗೆ ಕಾಲು ತಗುಲಿದರೆ ಮೇಜಿನಿಂದ ಬೀಳುವ ಡಿಸ್ಕ್‌ಗೆ ಆ ಅಂಕಿಯನ್ನು ಹಚ್ಚಲಾಗದು.

ಬ್ರ್ಯಾಂಡ್ ಬದಿಗಿಟ್ಟು ಮೂರು ಸಂಗತಿಗಳನ್ನು ಹೋಲಿಸುವುದು ಮೇಲು. ಅದು ಸಾಮಾನ್ಯವಾಗಿ ಹೇಗೆ ಕೆಡುತ್ತದೆ? ಕೆಡುವ ಮುನ್ನ ಸುಳಿವು ಕೊಡುತ್ತದೆಯೇ? ಕೆಟ್ಟ ಮೇಲೆ ಒಳಗಿನ ಡೇಟಾ ತೆಗೆಯಲು ದಾರಿ ಉಂಟೇ?

2.5 ಇಂಚಿನ ಪೋರ್ಟಬಲ್ ಹಾರ್ಡ್ ಡಿಸ್ಕ್

ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ಕರೆಂಟೂ ಡೇಟಾವೂ ಸಾಗುವ ಈ ಪುಟ್ಟ ಡಿಸ್ಕ್‌ಗಳು 5 ಟೆರಾಬೈಟ್‌ವರೆಗೆ ಸುಲಭವಾಗಿ ಸಿಗುತ್ತವೆ. ವೇಗ ಸೆಕೆಂಡಿಗೆ 100ರಿಂದ 130 ಮೆಗಾಬೈಟ್. ಎಂದರೆ 1 ಟೆರಾಬೈಟ್ ತುಂಬಲು ಸುಮಾರು ಎರಡೂವರೆ ಗಂಟೆ, ಅದೂ ದೊಡ್ಡ ದೊಡ್ಡ ಫೈಲ್‌ಗಳಾದರೆ. ಚಿಕ್ಕ ಫೈಲ್‌ಗಳೇ ಸಾವಿರಾರು ಇದ್ದರೆ ಓದಿ ಬರೆಯುವ ಹೆಡ್ ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ.

ಇವುಗಳ ದೊಡ್ಡ ಶತ್ರು ಬೀಳುವಿಕೆ. ಡೇಟಾ ಬರೆದಿರುವ, ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹೆಡ್ ತೇಲುತ್ತಿರುತ್ತದೆ. ಆ ಹೊತ್ತಿನಲ್ಲಿ ಪೆಟ್ಟು ಬಿದ್ದರೆ ಹೆಡ್ ತಟ್ಟೆಗೆ ತಾಗಿ ಕಾಂತೀಯ ಪದರವನ್ನು ಕೆರೆಯುತ್ತದೆ. ಕೆರೆದ ಪುಡಿ ಒಳಗೆಲ್ಲ ಹರಡಿ ಮತ್ತಷ್ಟು ಕೆರೆಯುತ್ತದೆ. ಆಫ್ ಆಗಿರುವಾಗ ಹೆಡ್ ತಟ್ಟೆಯ ಹೊರಗಿನ ಇಳಿಜಾರು ಪಟ್ಟಿಯ ಮೇಲೆ ಕೂತಿರುವುದರಿಂದ ಅದೇ ಎತ್ತರದಿಂದ ಬಿದ್ದರೂ ಬಚಾವಾಗುವ ಸಾಧ್ಯತೆ ಹೆಚ್ಚು. ಹಾಗಾಗಿ ಇಜೆಕ್ಟ್ ಮಾಡಿ ಕೇಬಲ್ ತೆಗೆದ ಕೂಡಲೇ ಬ್ಯಾಗಿಗೆ ತುರುಕಬೇಡಿ. ತಟ್ಟೆ ನಿಲ್ಲಲು ಹತ್ತು ಹದಿನೈದು ಸೆಕೆಂಡ್ ಬೇಕು. ತಿರುಗುತ್ತಿರುವ ಡಿಸ್ಕನ್ನು ಲ್ಯಾಪ್‌ಟಾಪ್ ಜೊತೆಗೆ ಎತ್ತಿಕೊಂಡು ಕೋಣೆ ಬದಲಿಸುವ ಅಭ್ಯಾಸವಂತೂ ಬೇಡವೇ ಬೇಡ.

ಎರಡನೆಯ ತೊಂದರೆ ಕರೆಂಟಿನದು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಆದರೆ 900. ತಟ್ಟೆ ತಿರುಗಲು ತೊಡಗುವ ಕ್ಷಣದಲ್ಲಿ ಡಿಸ್ಕ್ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಹಳೆಯ ಪೋರ್ಟ್, ಅಡಾಪ್ಟರ್ ಇಲ್ಲದ ಹಬ್, ಉದ್ದನೆಯ ತೆಳು ಕೇಬಲ್ ಇದ್ದರೆ ವೋಲ್ಟೇಜ್ ಕುಸಿದು ಡಿಸ್ಕ್ ಕ್ಲಿಕ್ ಕ್ಲಿಕ್ ಎನ್ನುತ್ತದೆ, ಕಾಣಿಸಿಕೊಂಡು ಮಾಯವಾಗುತ್ತದೆ. ಡಿಸ್ಕ್ ಸತ್ತಿತೆಂದು ಬಿಸಾಡುವ ಎಷ್ಟೋ ಪ್ರಕರಣಗಳಲ್ಲಿ ಸತ್ತಿರುವುದು ಕೇಬಲ್. ಗಿಡ್ಡ ಕೇಬಲ್ ಹಾಕಿ, ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟ್‌ಗೆ ಚುಚ್ಚಿ ಒಮ್ಮೆ ನೋಡಿ. ಆಗಲೂ ಕ್ಲಿಕ್ ನಿಲ್ಲದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ.

ಮೂರನೆಯದು ಸಾಕೆಟ್. ಅಗಲವಾದ ಮೈಕ್ರೋ-ಬಿ ಸಾಕೆಟ್ ಬೇಗ ಸಡಿಲವಾಗುತ್ತದೆ. ಟೈಪ್-ಸಿ ಇರುವ ಮಾಡೆಲ್ ಸಿಕ್ಕರೆ ಅದನ್ನೇ ಆರಿಸಿ. ಡಬ್ಬಿಯ ಮೇಲೆ ಎಲ್ಲೂ ಬರೆಯದ ಸಂಗತಿಯೊಂದಿದೆ. ಇಂಥ ಬಹಳಷ್ಟು ಡಿಸ್ಕ್‌ಗಳಲ್ಲಿ ಯುಎಸ್‌ಬಿ ಸಾಕೆಟನ್ನು ಡಿಸ್ಕ್‌ನ ಸ್ವಂತ ಸರ್ಕ್ಯೂಟ್ ಬೋರ್ಡಿಗೇ ಬೆಸೆದಿರುತ್ತಾರೆ, ಡಿಸ್ಕನ್ನು ಕಂಪ್ಯೂಟರ್‌ಗೆ ನೇರವಾಗಿ ಜೋಡಿಸುವ ಮಾಮೂಲಿ ಸಾಟಾ ಕನೆಕ್ಟರ್ ಇರುವುದೇ ಇಲ್ಲ. ಸಾಕೆಟ್ ಕಿತ್ತುಬಂದರೆ ಡಿಸ್ಕ್ ಬಿಚ್ಚಿ ಬೇರೆ ಕೇಸ್‌ಗೆ ಹಾಕುವ ಉಪಾಯ ನಡೆಯದು. ಕೆಲವದರಲ್ಲಿ ನೀವು ಪಾಸ್‌ವರ್ಡ್ ಇಡದಿದ್ದರೂ ಬೋರ್ಡಿನ ಚಿಪ್ ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿಯೇ (ಕೀ ಇಲ್ಲದೆ ಓದಲಾಗದ ಗುಪ್ತರೂಪದಲ್ಲಿ) ಬರೆಯುತ್ತದೆ. ಆ ಬೋರ್ಡ್ ಹೋದರೆ ತಟ್ಟೆ ಸರಿಯಿದ್ದೂ ಓದಲಾಗದು.

ಇನ್ನು ಎಸ್‌ಎಂಆರ್ ಎಂಬ ಬರೆಯುವ ವಿಧಾನ. ಇಂದಿನ 2.5 ಇಂಚಿನ ದೊಡ್ಡ ಡಿಸ್ಕ್‌ಗಳಲ್ಲಿ ಹೆಚ್ಚಿನವು ಈ ಬಗೆಯವು: ಹೆಂಚು ಹೊದಿಸಿದಂತೆ ಒಂದು ಟ್ರ್ಯಾಕ್‌ನ (ತಟ್ಟೆಯ ಮೇಲೆ ಡೇಟಾ ಬರೆಯುವ ಸುತ್ತು) ಅಂಚಿನ ಮೇಲೆ ಮುಂದಿನದನ್ನು ಬರೆಯುತ್ತಾರೆ. ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲೆ ಬಂದದ್ದನ್ನೆಲ್ಲ ತೆಗೆದು ಮತ್ತೆ ಹೊದಿಸಬೇಕು. ಆದ್ದರಿಂದ ದೀರ್ಘ ಕಾಪಿಯ ನಡುವೆ, ಅದರಲ್ಲೂ ಮೊದಲೇ ತುಂಬಿ ಅಳಿಸಿದ ಡಿಸ್ಕ್ ಆದರೆ, ವೇಗ ಸೆಕೆಂಡಿಗೆ 20-30 ಮೆಗಾಬೈಟ್‌ಗೆ ಇಳಿಯುವುದುಂಟು. ಇದು ಕೆಡುವ ಲಕ್ಷಣವಲ್ಲ. ಒಮ್ಮೆ ಬರೆದು ಎತ್ತಿಡುವ ಬ್ಯಾಕಪ್‌ಗೆ ಎಸ್‌ಎಂಆರ್ ಸಾಕು. ನೇರವಾಗಿ ಅದರ ಮೇಲೇ ವಿಡಿಯೊ ಎಡಿಟ್ ಮಾಡುವವರಿಗೆ, ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ಕ್ರಮ) ಕಟ್ಟುವವರಿಗೆ ಸಲ್ಲದು.

3.5 ಇಂಚಿನ ಡೆಸ್ಕ್‌ಟಾಪ್ ಡಿಸ್ಕ್

ನಾಲ್ಕೈದು ಟೆರಾಬೈಟ್‌ಗಿಂತ ಹೆಚ್ಚು ಬೇಕಾದವರಿಗೆ ಇದೇ ದಾರಿ. 20 ಟೆರಾಬೈಟ್ ದಾಟಿದವೂ ಇವೆ, ದೊಡ್ಡವುಗಳ ವೇಗ ಸೆಕೆಂಡಿಗೆ 200 ಮೆಗಾಬೈಟ್ ಮೀರುತ್ತದೆ. ಒಂದೇ ಜಾಗದಲ್ಲಿ ಇರುವುದರಿಂದ ಬೀಳುವ ಅಪಾಯ ಕಡಿಮೆ. ಒಳಗಿರುವುದು ಬಹುತೇಕ ಮಾಮೂಲಿ ಸಾಟಾ ಡಿಸ್ಕ್, ಆದ್ದರಿಂದ ಕೇಸ್‌ನ ಬೋರ್ಡ್ ಕೆಟ್ಟರೆ ಬಿಚ್ಚಿ ಬೇರೆ ಡಾಕ್‌ಗೆ (ಬಿಡಿ ಡಿಸ್ಕ್ ಕೂರಿಸುವ ಸಾಧನ) ಹಾಕಬಹುದು. ಡೇಟಾ ಉಳಿಸಿಕೊಳ್ಳುವ ದೃಷ್ಟಿಯಿಂದ ಇದು ಸಣ್ಣ ಲಾಭವಲ್ಲ.

ಬಿಚ್ಚುವಾಗ ಎರಡು ತೊಡಕು ಎದುರಾಗಬಹುದು. ಕೆಲವು ಕೇಸ್‌ಗಳು ಸೆಕ್ಟರ್ (ಡಿಸ್ಕ್ ಡೇಟಾ ಬರೆಯುವ ತುಣುಕು) ಗಾತ್ರವನ್ನು 512ರ ಬದಲು 4096 ಬೈಟ್ ಎಂದು ತೋರಿಸಿರುತ್ತವೆ. ಹೊರಗೆ ತೆಗೆದು ಜೋಡಿಸಿದಾಗ ಪಾರ್ಟಿಶನ್ (ಡಿಸ್ಕ್‌ನಲ್ಲಿ ಮಾಡಿದ ವಿಭಾಗ) ಕಾಣದು, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಬೇಡವೆನ್ನಿ, ಅದೇ ಬಗೆಯ ಕೇಸ್ ಹುಡುಕಿ. ಇನ್ನು ಕೆಲವು ಡಿಸ್ಕ್‌ಗಳು ಸಾಟಾ ಪವರ್ ಕನೆಕ್ಟರ್‌ನ ಮೂರನೇ ಪಿನ್‌ಗೆ 3.3 ವೋಲ್ಟ್ ಬಂದರೆ ತಿರುಗುವುದೇ ಇಲ್ಲ. ಅದು ರಿಮೋಟ್ ಆಗಿ ಆಫ್ ಮಾಡುವ ಸೌಲಭ್ಯದ ಸಂಕೇತ. ಆ 3.3 ವೋಲ್ಟ್ ತಂತಿ ಇಲ್ಲದ ಮೊಲೆಕ್ಸ್ (ಹಳೆಯ ಬಗೆಯ ಪವರ್ ಪ್ಲಗ್) ಅಡಾಪ್ಟರ್ ಬಳಸಿದರೆ ಓಡುತ್ತವೆ.

ಇವನ್ನು ಎಷ್ಟೋ ಸಲ ಕೊಲ್ಲುವುದು ತಪ್ಪು ಪವರ್ ಅಡಾಪ್ಟರ್. ಇವಕ್ಕೆ ಬೇಕಾದದ್ದು 12 ವೋಲ್ಟ್, ಲ್ಯಾಪ್‌ಟಾಪ್ ಅಡಾಪ್ಟರ್ ಕೊಡುವುದು 19ರ ಆಸುಪಾಸು. ದುಂಡನೆಯ ಪಿನ್ ಕೆಲವೊಮ್ಮೆ ಎರಡಕ್ಕೂ ಕೂರುತ್ತದೆ. ತಪ್ಪಿ ಚುಚ್ಚಿದರೆ ಬೋರ್ಡ್ ಸುಟ್ಟೇಹೋದೀತು. ಕೊಂಡ ದಿನವೇ ಅಡಾಪ್ಟರ್ ಮೇಲೆ ಡಿಸ್ಕ್‌ನ ಹೆಸರು ಬರೆದು ಚೀಟಿ ಅಂಟಿಸಿ. ಫ್ಯಾನ್ ಇಲ್ಲದ ಕೇಸ್ ಆದ್ದರಿಂದ ಮೊದಲ ದೊಡ್ಡ ಬ್ಯಾಕಪ್‌ನಲ್ಲಿ ಗಂಟೆಗಟ್ಟಲೆ ಬರೆಯುವಾಗ ಬಿಸಿಯೇರುತ್ತದೆ. 50 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ನಡುವೆ ವಿರಾಮ ಕೊಡಿ, ಪುಸ್ತಕಗಳ ಸಂದಿಯಿಂದ ಹೊರಗೆ ತನ್ನಿ.

ಎಸ್‌ಎಸ್‌ಡಿ

ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡ್ರೈವ್ ಇದು. ಬಿದ್ದರೂ ಸಾಮಾನ್ಯವಾಗಿ ಕೆಡದು, ಸದ್ದಿಲ್ಲ, ಸೆಕೆಂಡಿಗೆ 500ರಿಂದ 1000 ಮೆಗಾಬೈಟ್. ಪ್ರಯಾಣದಲ್ಲಿ ಕೆಲಸ ಮಾಡುವವರಿಗೆ ಬೇರೆ ಆಯ್ಕೆ ನೋಡುವ ಅಗತ್ಯವೇ ಇಲ್ಲ. ಆದರೆ ಬ್ಯಾಕಪ್ ಎಂಬ ಕೆಲಸಕ್ಕೆ ಎಸ್‌ಎಸ್‌ಡಿಯೇ ಮೇಲೆಂಬ ಮಾತನ್ನು ಒಪ್ಪುವುದು ಕಷ್ಟ.

ಹಾರ್ಡ್ ಡಿಸ್ಕ್ ಕೆಡುವಾಗ ಎಷ್ಟೋ ಸಲ ನಿಧಾನವಾಗುತ್ತದೆ, ಸದ್ದು ಮಾಡುತ್ತದೆ, ಅಲ್ಲೊಂದು ಇಲ್ಲೊಂದು ಫೈಲ್ ತೆರೆಯುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಕಂಟ್ರೋಲರ್ (ಎಲ್ಲವನ್ನೂ ನಿಯಂತ್ರಿಸುವ ಚಿಪ್) ಅಥವಾ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಕೈಕೊಟ್ಟರೆ ನಿನ್ನೆ ಸರಿಯಿದ್ದದ್ದು ಇಂದು ಕಾಣುವುದೇ ಇಲ್ಲ. ಡೇಟಾ ಹಲವು ಚಿಪ್‌ಗಳಲ್ಲಿ ಚದುರಿರುತ್ತದೆ, ಅದರ ನಕ್ಷೆ ಕಂಟ್ರೋಲರ್ ಬಳಿ ಇರುತ್ತದೆ. ಹಾಗಾಗಿ ರಿಕವರಿ ಲ್ಯಾಬ್‌ಗಳಿಗೂ ಇದು ಕಷ್ಟದ ಕೆಲಸ. ಅಳಿಸಿದ ಫೈಲ್‌ನ ಜಾಗವನ್ನು ಖಾಲಿ ಮಾಡಿಸುವ ಟ್ರಿಮ್ ಸೌಲಭ್ಯ ಚಾಲೂ ಇದ್ದರೆ ಅಳಿಸಿದ ಫೈಲ್ ಮರಳಿ ಸಿಗುವ ಆಸೆಯನ್ನೂ ಬಿಡಬೇಕು.

ಕರೆಂಟಿಲ್ಲದೆ ಇಟ್ಟರೆ ಡೇಟಾ ಹಿಡಿದಿಟ್ಟ ವಿದ್ಯುತ್ ಚಾರ್ಜ್ ಸೋರುವ ವಿಚಾರವನ್ನು ಹಲವರು ಉತ್ಪ್ರೇಕ್ಷಿಸುತ್ತಾರೆ. ಚಿಪ್ ಉದ್ಯಮಕ್ಕೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ ಹೇಳುವುದು ಇಷ್ಟು: ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ ತನ್ನ ಬರವಣಿಗೆಯ ಆಯಸ್ಸನ್ನು ಪೂರ್ತಿ ಮುಗಿಸಿದ ಮೇಲೂ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಡಬೇಕು. ಹೊಸ ಡ್ರೈವ್ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದಿಡುತ್ತದೆ. ಆದರೆ ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಬೀರುವಿನಲ್ಲಿ ಐದಾರು ವರ್ಷ ಮರೆತು ಬಿಡುವ ಪ್ರತಿಗೆ ಇದು ತಕ್ಕ ಮಾಧ್ಯಮವಲ್ಲ. ಎಸ್‌ಎಸ್‌ಡಿಯಲ್ಲೇ ಇಡುವುದಾದರೆ ಆರು ತಿಂಗಳಿಗೊಮ್ಮೆ ಜೋಡಿಸಿ, ಎಲ್ಲ ಫೈಲ್‌ಗಳನ್ನು ಒಮ್ಮೆ ಓದಿಸಿ.

ಅಗ್ಗದ ಕ್ಯೂಎಲ್‌ಸಿ ಮಾದರಿಗಳು (ಒಂದೊಂದು ಕೋಶಕ್ಕೆ ನಾಲ್ಕು ಬಿಟ್ ತುಂಬುವವು) ಕ್ಯಾಶ್ ಎಂಬ ವೇಗದ ತಾತ್ಕಾಲಿಕ ಜಾಗ ತುಂಬುವವರೆಗೆ ಮಾತ್ರ ಹಾರುತ್ತವೆ. ಆಮೇಲಿನ ಬರೆಯುವ ವೇಗ ಹಾರ್ಡ್ ಡಿಸ್ಕ್ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಅಂಗೈ ಗಾತ್ರದ 16 ಟೆರಾಬೈಟ್ ಎಸ್‌ಎಸ್‌ಡಿ ನಂಬಲಾಗದ ಅಗ್ಗದಲ್ಲಿ ಕಂಡರೆ ಅದು ನಕಲಿ. ಒಳಗೆ ಪುಟ್ಟ ಮೆಮೊರಿ ಕಾರ್ಡ್, ಮೇಲೆ ಸುಳ್ಳು ಹೇಳುವ ಫರ್ಮ್‌ವೇರ್. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಹಳೆಯದರ ಮೇಲೆ ಬೀಳುತ್ತದೆ ಅಥವಾ ಎಲ್ಲೂ ಉಳಿಯುವುದಿಲ್ಲ. ಫೈಲ್ ಹೆಸರುಗಳು ಮಾತ್ರ ಕಾಣುತ್ತಿರುತ್ತವೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಓಡಿಸಿದರೆ ಗುಟ್ಟು ರಟ್ಟಾಗುತ್ತದೆ.

ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅವು ಸಾಗಿಸಲಿಕ್ಕೆ, ಕಾಪಿಡಲಿಕ್ಕಲ್ಲ.

ನ್ಯಾಸ್ ಮತ್ತು ಕ್ಲೌಡ್

ನಾಲ್ಕೈದು ಫೋನು, ಎರಡು ಮೂರು ಲ್ಯಾಪ್‌ಟಾಪ್ ಇರುವ ಮನೆಗೆ ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಅನುಕೂಲ, ಏಕೆಂದರೆ ಬ್ಯಾಕಪ್ ತಾನಾಗಿ ನಡೆಯುತ್ತದೆ. ಒಬ್ಬರೇ ಇರುವಲ್ಲಿ ಅದರ ಅಪ್‌ಡೇಟು, ಪಾಸ್‌ವರ್ಡು, ಯುಪಿಎಸ್ಸು ನೋಡಿಕೊಳ್ಳುವುದೇ ಒಂದು ಕೆಲಸವಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ರೇಡ್ ಎಂದರೆ ಬ್ಯಾಕಪ್ ಅಲ್ಲ. ಎರಡು ಡಿಸ್ಕ್‌ಗೂ ಒಂದೇ ಡೇಟಾ ಬರೆಯುವ ರೇಡ್ 1ರಲ್ಲಿ ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲದು, ಅಷ್ಟೇ. ನೀವು ತಪ್ಪಿ ಅಳಿಸಿದ ಫೋಲ್ಡರ್ ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಹೋಗುತ್ತದೆ. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಬಂದರೆ ಎರಡಕ್ಕೂ ಬೀಗ ಬೀಳುತ್ತದೆ. ನ್ಯಾಸ್ ಇದ್ದರೂ ಅದಕ್ಕೊಂದು ಎಕ್ಸ್‌ಟರ್ನಲ್ ಡಿಸ್ಕ್ ಬೇಕೇ ಬೇಕು.

ಕ್ಲೌಡ್‌ನಲ್ಲಿ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮೂಲತಃ ಸಿಂಕ್ ಸೇವೆಗಳು. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಅನುಪಯುಕ್ತ ಬುಟ್ಟಿಯಲ್ಲಿ 30 ದಿನ ಉಳಿಯುತ್ತದೆ, ಆಮೇಲೆ ಹೋಯಿತು. ಗೂಗಲ್ ಫೋಟೋಸ್‌ನಲ್ಲಿ ಸ್ಟೋರೇಜ್ ಸೇವರ್ ಆರಿಸಿದ್ದರೆ ಚಿತ್ರಗಳನ್ನು ಕುಗ್ಗಿಸಿ ಇಡುತ್ತದೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದು ಕಿರಿದಾಗುತ್ತದೆ. ಮೂಲ ಗುಣಮಟ್ಟ ಬೇಕಾದವರು ಒರಿಜಿನಲ್ ಕ್ವಾಲಿಟಿಗೆ ಬದಲಿಸಬೇಕು. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದೆಂಬ ಗೂಗಲ್‌ನ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.

ಅಪ್‌ಲೋಡ್ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಇದ್ದರೆ 1 ಟೆರಾಬೈಟ್ ಏರಿಸಲು ಬಿಡುವಿಲ್ಲದೆ ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಆದ್ದರಿಂದ ಕ್ಲೌಡ್‌ಗೆ ಎಲ್ಲವನ್ನೂ ತಳ್ಳುವ ಬದಲು, ಮತ್ತೆ ಸಂಪಾದಿಸಲಾಗದ್ದನ್ನು ಮಾತ್ರ ಒಂದು ಫೋಲ್ಡರ್‌ನಲ್ಲಿ ಕೂಡಿಸಿ ಕಳಿಸುವುದು ಜಾಣತನ: ಫೋಟೊ, ದಾಖಲೆಪತ್ರಗಳ ಸ್ಕ್ಯಾನ್, ಸ್ವಂತ ಬರಹ.

ಯಾರಿಗೆ ಯಾವುದು

ಒಟ್ಟು ಫೈಲ್‌ಗಳು 2 ಟೆರಾಬೈಟ್ ಒಳಗಿದ್ದರೆ ದುಬಾರಿ ಡಿಸ್ಕ್ ಒಂದಕ್ಕಿಂತ ಸಾಧಾರಣ ಬೆಲೆಯ 2.5 ಇಂಚಿನ ಹಾರ್ಡ್ ಡಿಸ್ಕ್ ಎರಡು ಮೇಲು. ಎರಡೂ ಒಂದೇ ಮಾಡೆಲ್, ಒಂದೇ ಸಲ ಕೊಂಡವು ಆಗದಿರಲಿ. ಒಂದೇ ಬ್ಯಾಚಿನಲ್ಲಿ ದೋಷವಿದ್ದರೆ ಎರಡೂ ಜೊತೆಜೊತೆಗೆ ಹೋಗುತ್ತವೆ. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಇರಲಿ, ತಿಂಗಳಿಗೊಮ್ಮೆ ಅದಲುಬದಲು ಮಾಡಿ. ಇದರ ಜೊತೆಗೆ ಮೇಲೆ ಹೇಳಿದ ಕ್ಲೌಡ್ ಫೋಲ್ಡರ್ ಸೇರಿದರೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ದೂರದಲ್ಲಿ ಎಂಬ 3-2-1 ಸೂತ್ರ ತಾನಾಗಿ ಪೂರ್ತಿಯಾಗುತ್ತದೆ. ಒಂದೇ ಡಿಸ್ಕ್‌ನ ಎರಡು ಪಾರ್ಟಿಶನ್‌ನಲ್ಲಿ ಇಟ್ಟದ್ದು ಎರಡು ಪ್ರತಿಯಲ್ಲ. ಲ್ಯಾಪ್‌ಟಾಪ್‌ನಲ್ಲಿ ಜಾಗ ಮಾಡಿಕೊಳ್ಳಲು ಡಿಸ್ಕ್‌ಗೆ ಕಟ್ ಪೇಸ್ಟ್ ಮಾಡಿದ್ದೂ ಬ್ಯಾಕಪ್ ಅಲ್ಲ, ಆಗ ಇರುವುದು ಒಂದೇ ಪ್ರತಿ.

ವಿಡಿಯೊ ಮಾಡುವವರು, 4 ಟೆರಾಬೈಟ್ ಮೀರಿದವರು 3.5 ಇಂಚಿನವನ್ನೇ ಎರಡು ಕೊಳ್ಳಲಿ. ಸದಾ ಓಡಾಟದಲ್ಲಿರುವವರು ಕೈಯಲ್ಲಿ ಎಸ್‌ಎಸ್‌ಡಿ, ಮನೆಯಲ್ಲಿ ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಲಿ. ಗಾತ್ರ ಆರಿಸುವಾಗ ಇರುವ ಡೇಟಾದ ಎರಡರಷ್ಟು ಜಾಗ ಇರಲಿ, ಹಳೆಯ ಆವೃತ್ತಿಗಳಿಗೂ ಸ್ಥಳ ಬೇಕು. 1 ಟೆರಾಬೈಟ್ ಎಂದದ್ದನ್ನು ವಿಂಡೋಸ್ 931 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ, ಎಣಿಸುವ ಕ್ರಮ ಬೇರೆ, ಅಷ್ಟೇ. ವಾರಂಟಿ ವರ್ಷ ಹೆಚ್ಚಿದ್ದರೆ ಒಳ್ಳೆಯದೇ, ಆದರೆ ಅದರಿಂದ ಸಿಗುವುದು ಬದಲಿ ಡಿಸ್ಕ್ ಮಾತ್ರ, ಅದರಲ್ಲಿದ್ದ ಫೈಲ್‌ಗಳಲ್ಲ.

ಕೊಂಡ ಮೇಲೆ ಮೊದಲ ದಿನ

ಡೇಟಾ ಹಾಕುವ ಮುನ್ನವೇ ಪರೀಕ್ಷೆ ಮಾಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮುಂಚೆ. ವಿಂಡೋಸ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಇಡೀ ಡಿಸ್ಕ್‌ಗೆ ಒಮ್ಮೆ ಬರೆದಂತಾಗುತ್ತದೆ. 4 ಟೆರಾಬೈಟ್‌ಗೆ ಒಂಬತ್ತು ಹತ್ತು ಗಂಟೆ ಹಿಡಿದರೂ ಸರಿಯೇ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಥವಾ ಸ್ಮಾರ್ಟ್‌ಮಾನ್‌ಟೂಲ್ಸ್‌ನಲ್ಲಿ ಸ್ಮಾರ್ಟ್ ಅಂಕಿಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ:

- ಸಂಖ್ಯೆ 5: ಕೆಟ್ಟ ಸೆಕ್ಟರ್‌ಗಳ ಬದಲಿಗೆ ಮೀಸಲು ಸೆಕ್ಟರ್ ಬಳಸಿದ ಲೆಕ್ಕ. ಹೊಸ ಡಿಸ್ಕ್‌ನಲ್ಲಿ ಸೊನ್ನೆಯೇ ಇರಬೇಕು.
- ಸಂಖ್ಯೆ 197 ಮತ್ತು 198: ಓದಲು ಆಗದೆ ಕಾದಿರುವ ಸೆಕ್ಟರ್‌ಗಳು. ಸೊನ್ನೆ ದಾಟಿದರೆ ಆ ಡಿಸ್ಕನ್ನು ನಂಬಬೇಡಿ.
- ಸಂಖ್ಯೆ 199: ಸಾಗಣೆಯ ತಪ್ಪುಗಳು. ಇದು ಏರಿದರೆ ದೋಷ ಹೆಚ್ಚಾಗಿ ಕೇಬಲ್ ಅಥವಾ ಕನೆಕ್ಟರ್‌ನದು, ತಟ್ಟೆಯದಲ್ಲ.

ಸೊನ್ನೆ ಇದ್ದ ಮಾತ್ರಕ್ಕೆ ನಿಶ್ಚಿಂತೆ ಎನ್ನಲಾಗದು. ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇ 56ರಷ್ಟರಲ್ಲಿ ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚಕಗಳಲ್ಲಿ ಒಂದೂ ಏರಿರಲಿಲ್ಲ. ಅದೇ ಅಧ್ಯಯನದ ಮತ್ತೊಂದು ಅಂಕಿ: ಮೊದಲ ಸ್ಕ್ಯಾನ್ ದೋಷ (ತಟ್ಟೆಯ ತಪಾಸಣೆಯಲ್ಲಿ ಸಿಗುವ ದೋಷ) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ್ದಕ್ಕಿಂತ 39 ಪಟ್ಟು. ಎಂದರೆ ಸ್ಮಾರ್ಟ್ ಕೆಟ್ಟದ್ದು ಹೇಳಿದಾಗ ನಂಬಿ, ಒಳ್ಳೆಯದು ಹೇಳಿದಾಗ ಅರ್ಧ ನಂಬಿ.

ಇನ್ನು ಫೈಲ್ ಸಿಸ್ಟಮ್, ಎಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮದ ವಿಚಾರ. ವಿಂಡೋಸ್ ಮಾತ್ರ ಬಳಸುವವರು ಎನ್‌ಟಿಎಫ್‌ಎಸ್, ಮ್ಯಾಕ್ ಮಾತ್ರ ಬಳಸುವವರು ಎಪಿಎಫ್‌ಎಸ್ ಇಡಿ. ಎಕ್ಸ್‌ಫ್ಯಾಟ್ ಎರಡರಲ್ಲೂ ಓಡುತ್ತದೆ, ಆದರೆ ಅದರಲ್ಲಿ ಜರ್ನಲ್ (ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಪಡಿಸಲು ಇಡುವ ದಾಖಲೆ) ಇಲ್ಲ. ಬರೆಯುವಾಗ ಕೇಬಲ್ ಕಿತ್ತರೆ ಇಡೀ ಡಿಸ್ಕ್ ಖಾಲಿಯಂತೆ ಕಾಣುವ ಪ್ರಸಂಗ ಇದರಲ್ಲೇ ಹೆಚ್ಚು. ಎನ್‌ಕ್ರಿಪ್ಟ್ ಮಾಡಿದರೆ, ವಿಂಡೋಸ್‌ನ ಎನ್‌ಕ್ರಿಪ್ಶನ್ ಸೌಲಭ್ಯವಾದ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ; ಅದೇ ಲ್ಯಾಪ್‌ಟಾಪ್‌ನಲ್ಲಿ ಉಳಿಸಿದ ಕೀ ಲ್ಯಾಪ್‌ಟಾಪ್ ಕಳೆದ ದಿನ ಕೆಲಸಕ್ಕೆ ಬಾರದು.

ಮಿರರ್ ಬೇಕೋ, ಆವೃತ್ತಿಗಳು ಬೇಕೋ

ಫೋಲ್ಡರ್‌ಗೆ ಫೋಲ್ಡರ್ ಹೊಂದಿಸುವ ಮಿರರ್ ಕಾಪಿ ಸರಳ. ಯಾವ ಕಂಪ್ಯೂಟರ್‌ನಲ್ಲಾದರೂ ನೇರವಾಗಿ ತೆರೆಯಬಹುದು. ಫ್ರೀಫೈಲ್‌ಸಿಂಕ್, ಆರ್‌ಸಿಂಕ್, ವಿಂಡೋಸ್‌ನ ರೋಬೋಕಾಪಿ ಇದನ್ನು ಮಾಡುತ್ತವೆ. ಅಪಾಯ ಒಂದೇ: ಮಿರರ್ ಆಯ್ಕೆ ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲಿ ಅಳಿಸುತ್ತದೆ. ಎರಡರ ವಿಳಾಸ ಅದಲುಬದಲಾದರೆ ಖಾಲಿ ಹೊಸ ಡಿಸ್ಕ್ ನಿಮ್ಮ ಫೋಟೊಗಳನ್ನು ಒರೆಸಿಹಾಕುತ್ತದೆ. ಮೊದಲ ಸಲ ಏನೇನು ಅಳಿಯುತ್ತದೆಂಬ ಪಟ್ಟಿ ತರಿಸಿ ನೋಡಿ, ಆಮೇಲೆ ಓಡಿಸಿ.

ಆವೃತ್ತಿ ಉಳಿಸುವ ಬ್ಯಾಕಪ್, ಎಂದರೆ ಮ್ಯಾಕ್‌ನ ಟೈಮ್ ಮಷೀನ್, ವಿಂಡೋಸ್‌ನ ಫೈಲ್ ಹಿಸ್ಟರಿ, ತುಸು ತಿಳಿದವರಿಗೆ ರೆಸ್ಟಿಕ್ ಅಥವಾ ಬೋರ್ಗ್, ಕಳೆದ ತಿಂಗಳ ಫೈಲನ್ನೂ ಮರಳಿಸಬಲ್ಲದು. ಮೂರು ವಾರ ಹಿಂದೆ ಹಾಳಾದ ಫೈಲನ್ನು ಇಂದು ಗಮನಿಸಿದಾಗ ಮಿರರ್‌ನಿಂದ ಉಪಯೋಗವಿಲ್ಲ, ಅಷ್ಟರಲ್ಲಿ ಹಾಳಾದದ್ದೇ ಅಲ್ಲಿಗೂ ಹೋಗಿರುತ್ತದೆ. ಎರಡು ಡಿಸ್ಕ್ ಇದ್ದವರು ಒಂದರಲ್ಲಿ ಆವೃತ್ತಿಗಳು, ಇನ್ನೊಂದರಲ್ಲಿ ಮಿರರ್ ಇಟ್ಟರೆ ಎರಡರ ಲಾಭವೂ ಸಿಗುತ್ತದೆ. ಯಾವುದೇ ಆಗಲಿ, ಬ್ಯಾಕಪ್ ಮುಗಿದ ಮೇಲೆ ಡಿಸ್ಕ್ ಕಳಚಿಡಿ. ಸದಾ ಚುಚ್ಚಿರುವ ಡಿಸ್ಕ್ ರ‍್ಯಾನ್ಸಮ್‌ವೇರ್‌ಗೂ ಸಿಡಿಲಿಗೂ ಸಿಗುತ್ತದೆ.

ಮೂರು ತಿಂಗಳಿಗೊಮ್ಮೆ ಬೇರೆ ಬೇರೆ ವರ್ಷದ ಹತ್ತು ಫೈಲ್‌ಗಳನ್ನು ಬೇರೊಂದು ಕಂಪ್ಯೂಟರ್‌ಗೆ ಮರಳಿಸಿ ತೆರೆದು ನೋಡಿ. ಥಂಬ್‌ನೇಲ್ ಕಂಡರೆ ಸಾಲದು, ವಿಡಿಯೊವನ್ನು ಕೊನೆಯವರೆಗೆ ಓಡಿಸಿ. ಮುಖ್ಯ ಫೋಲ್ಡರ್‌ಗೆ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲ್‌ನ ಒಳಗಿನಿಂದ ಲೆಕ್ಕ ಹಾಕಿದ ಗುರುತು) ಪಟ್ಟಿ ಮಾಡಿಟ್ಟರೆ ಒಂದು ಬಿಟ್ ಬದಲಾದರೂ ಗೊತ್ತಾಗುತ್ತದೆ.

ಡಿಸ್ಕ್ ಕೈಕೊಟ್ಟಾಗ

ಕೇಬಲ್ ಬದಲಿಸಿದರೂ ಕ್ಲಿಕ್ ಸದ್ದು ಬರುತ್ತಿದ್ದರೆ ಕರೆಂಟ್ ತೆಗೆದುಬಿಡಿ. ತಿರುಗಿದಷ್ಟೂ ತಟ್ಟೆ ಕೆರೆದುಹೋಗುತ್ತದೆ. ಫ್ರೀಜರ್‌ನಲ್ಲಿಟ್ಟು ತೆಗೆಯುವ ಹಳೆಯ ಉಪಾಯ ಬೇಡ, ತಟ್ಟೆಯ ಮೇಲೆ ತೇವ ಕೂರುತ್ತದೆ. ಮುಚ್ಚಳ ತೆರೆದು ನೋಡುವುದೂ ಬೇಡ.

ಸದ್ದಿಲ್ಲ, ಆದರೆ ನಿಧಾನವಾಗಿದೆ, ಕೆಲವು ಫೈಲ್ ಓದುತ್ತಿಲ್ಲ ಎಂದಾದರೆ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲ್ ಸಿಸ್ಟಮನ್ನು ಸರಿಪಡಿಸುವ ಭರದಲ್ಲಿ ಸಾಯುತ್ತಿರುವ ಡಿಸ್ಕ್ ಮೇಲೇ ಬರೆಯುತ್ತದೆ. ಬದಲಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ, ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕ್‌ಗೆ ಪೂರ್ತಿ ನಕಲು ತೆಗೆಯಿರಿ. ಅದು ಸುಲಭವಾಗಿ ಓದುವ ಭಾಗಗಳನ್ನು ಮೊದಲು ಎತ್ತಿಕೊಂಡು, ತೊಡಕಿನವನ್ನು ಕೊನೆಗೆ ಬಿಡುತ್ತದೆ. ಎಲ್ಲಿವರೆಗೆ ಓದಿದೆ ಎಂದು ಗುರುತಿಡುವ ಮ್ಯಾಪ್‌ಫೈಲ್ ಕೊಟ್ಟಿದ್ದರೆ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯುತ್ತದೆ. ರಿಪೇರಿ, ರಿಕವರಿ ಸಾಫ್ಟ್‌ವೇರ್ ಏನೇ ಇದ್ದರೂ ಆ ನಕಲಿನ ಮೇಲೆ ನಡೆಯಲಿ.

ಲ್ಯಾಬ್‌ಗೆ ಕಳಿಸುವುದಾದರೆ ಡಿಸ್ಕನ್ನು ಅದರ ಮೂಲ ಬೋರ್ಡ್, ಮೂಲ ಕೇಸ್ ಸಮೇತ ಕಳಿಸಿ. ಆ ಡಿಸ್ಕ್‌ಗೆಂದೇ ಹೊಂದಿಸಿದ ಮಾಹಿತಿ ಬೋರ್ಡಿನ ರೋಮ್ (ROM) ಚಿಪ್‌ನಲ್ಲಿರುತ್ತದೆ, ಎನ್‌ಕ್ರಿಪ್ಶನ್ ಕೆಲಸ ಕೇಸ್‌ನ ಚಿಪ್‌ನಲ್ಲಿ ನಡೆದಿರಬಹುದು. ನೋಡಲು ಒಂದೇ ಥರ ಇರುವ ಬೇರೆ ಬೋರ್ಡ್ ತಂದು ಕೂರಿಸಿದರೆ ಸಾಮಾನ್ಯವಾಗಿ ಓಡುವುದಿಲ್ಲ.